ಶಾಂತಿ ಸಭೆಯಲ್ಲಿ ಚಹಾ ಕುಡಿದು ಬಂದರೆ ಮುಗಿಯಿತಾ? ಸರ್ಕಾರದ ನೀತಿಗೆ ನಮ್ಮ ಮಾತು ಮುಟ್ಟಿಸುವುದು ಹೇಗೆ?

ಬಜಾಲ್ ಬಸ್‌ಸ್ಟಾಪ್

ಎಲ್ಲರಿಗೂ ನಮಸ್ಕಾರ. ನಮ್ಮ ವಾರ್ಡಿನಲ್ಲಿ ಒಂದು ಸಣ್ಣ ಗುಂಪು ಉಂಟು. ಬೋರ್ಡಿಲ್ಲ, ನೋಂದಣಿ ಇಲ್ಲ. ಭಜನಾ ಮಂಡಳಿಯವರು, ಮಸೀದಿ ಕಮಿಟಿಯ ಒಬ್ಬರು, ಚರ್ಚಿನ ವಾರ್ಡ್ ಗುರ್ಕಾರ್ ಅಂದರೆ ಮುಖ್ಯಸ್ಥರು, ರಿಕ್ಷಾ ಪಾರ್ಕಿನ ಹುಡುಗರು, ಮತ್ತೆ ನಾನು. 2025ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮಂಗಳೂರಿನ ಸುತ್ತ ಕುಡುಪು, ಬಜ್ಪೆ, ಬಂಟ್ವಾಳ ಅಂತ ಒಂದರ ಹಿಂದೆ ಒಂದು ಕೊಲೆಯಾಗಿ ಕೋಮು ಗಲಾಟೆಯ ಹೆದರಿಕೆ ಹಬ್ಬಿತಲ್ಲ, ಆಗ ನಾವು ಮಾಡಿದ ಕೆಲಸ ಸರಳ. "ಅಲ್ಲಿ ಗಲಾಟೆ, ಇಲ್ಲಿ ಕಲ್ಲು" ಅಂತ ವಾಟ್ಸಾಪಿನಲ್ಲಿ ಬಂದರೆ ಒಬ್ಬರು ಬೈಕಿನಲ್ಲಿ ಹೋಗಿ ನೋಡುವುದು. ನಿಜವಾ ಸುಳ್ಳಾ ಎಂದು ಗುಂಪಿಗೆ ಹಾಕುವುದು. ರಾತ್ರಿ ಕಟ್ಟೆ ಮೇಲೆ ಕೂತ ಹುಡುಗರನ್ನು ಮನೆಗೆ ಕಳಿಸುವುದು. ನಮ್ಮ ರಸ್ತೆ ಶಾಂತವಾಗಿತ್ತು.

ಆದರೆ ನಮ್ಮ ರಸ್ತೆ ಮಾತ್ರ ಶಾಂತವಾಗಿದ್ದರೆ ಸಾಕಾ? ಆ ಜೂನ್‌ನಲ್ಲಿ ಸರ್ಕಾರ ಕೋಮು ಹಿಂಸೆ ತಡೆಯಲು ವಿಶೇಷ ಕಾರ್ಯಪಡೆ ಮಾಡಿತು. ನಕ್ಸಲ್ ನಿಗ್ರಹ ಪಡೆಯಿಂದ ಜನರನ್ನು ತೆಗೆದು, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ಅಂತ 248 ಮಂದಿಯ ಪಡೆ. ಬೇಡ ಅಂತ ನಾನು ಹೇಳುವುದಿಲ್ಲ. ಅದನ್ನು ಮಾಡುವ ಮುಂಚೆ ಬೀದಿಯಲ್ಲಿ ಈ ಕೆಲಸ ಮಾಡುವವರನ್ನು ಒಂದು ಮಾತು ಕೇಳಬಹುದಿತ್ತು, ಅಲ್ವಾ? ಕೇಳುವ ದಾರಿಯಾದರೂ ಉಂಟಾ? ನಾವು ಮನವಿ ಕೊಡುತ್ತೇವೆ, ಫೋಟೋ ಪೇಪರಿನಲ್ಲಿ ಬರುತ್ತದೆ, ಮನವಿ ಎಲ್ಲಿಗೆ ಹೋಗುತ್ತದೆ ಅಂತ ದೇವರಿಗೇ ಗೊತ್ತು. ಅನುಭವ ಇದ್ದವರು ಹೇಳಿ.

ಕುಂದಾಪ್ರ ಕಡೆಯವ

ಎಂತ ಮಾರಾಯ್ರೆ, ಇನ್ನೂ ಇದೆಲ್ಲ ನಂಬುತ್ತೀರಾ? ಹಿಜಾಬ್ ಗಲಾಟೆ ಆದ ಮೇಲೆ 2022ರ ಮೇಯಲ್ಲಿ ಉಡುಪಿಯಲ್ಲಿ ಸಹಬಾಳ್ವೆ ಸಮಾವೇಶ ಆಯಿತು. ಜನ ಚೆನ್ನಾಗೇ ಸೇರಿದ್ದರು. ಎರಡೇ ತಿಂಗಳು. ಜುಲೈಯಲ್ಲಿ ಬೆಳ್ಳಾರೆ, ಸುರತ್ಕಲ್ ಅಂತ ಹತ್ತು ದಿನದೊಳಗೆ ಮೂರು ಜೀವ ಹೋಯಿತು. ನಮ್ಮಲ್ಲಿ ಸೌಹಾರ್ದ ಅಂದರೆ ದುರ್ಗೆಗೆ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿ, ಬಪ್ಪನಾಡಿನ ಬಪ್ಪ ಬ್ಯಾರಿಯ ಕಥೆ ಹೇಳುವುದು, ಮೂರು ಧರ್ಮದ ಗುರುಗಳು ಕೈ ಹಿಡಿದು ನಿಲ್ಲುವುದು, ಊಟ. ಕಥೆ ಒಳ್ಳೆಯದೇ. ಅದನ್ನು ಕೇಳಿ ಯಾವ ಸರ್ಕಾರ ಯಾವ ಆದೇಶ ಬದಲಿಸಿದೆ ಹೇಳಿ ನೋಡುವ. ವೋಟು ಎಲ್ಲಿ ಉಂಟೋ ನೀತಿ ಅಲ್ಲಿ ಉಂಟು.

ಠಾಣೆ ರೈಟರ್ (ನಿವೃತ್ತ)

ಕುಂದಾಪ್ರದವರ ಸಿಟ್ಟು ಅರ್ಥ ಆಗುತ್ತದೆ. ನಾನು ಸರ್ವಿಸಿನಲ್ಲಿ ಬರೆದ ಶಾಂತಿ ಸಭೆಯ ನಡಾವಳಿಗಳಿಗೆ ಲೆಕ್ಕವಿಲ್ಲ. ಒಳಗೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಗಣೇಶ ಚೌತಿ, ಮೊಸರು ಕುಡಿಕೆ, ಶಾರದೋತ್ಸವ, ಈದ್ ಮಿಲಾದ್. ಇದರಲ್ಲಿ ಯಾವುದು ಬಂದರೂ ಮೇಲಿನಿಂದ ಸಂದೇಶ ಬರುತ್ತದೆ, ಸಭೆ ಕರೆಯಿರಿ ಅಂತ. ಠಾಣೆಯಲ್ಲಿ ಹಳೆಯ ಪಟ್ಟಿ ತೆಗೆಯುತ್ತಾರೆ. ತೀರಿಕೊಂಡವರ ಹೆಸರು ಹೊಡೆದು ಹಾಕಿ, ಉಳಿದವರಿಗೆ ಫೋನ್. ಹೊಸ ಹೆಸರು ಸೇರುವುದು ತೀರಾ ಕಮ್ಮಿ. ಹಾಗಾಗಿ ಸಭೆಗೆ ಬರುವವರು ಪ್ರತಿ ವರ್ಷ ಅದೇ ಜನ. ಅವರ ಮಾತನ್ನು ಊರಿನ ಹುಡುಗರು ಕೇಳುತ್ತಾರಾ ಅಂದರೆ, ಇಲ್ಲ. ಹುಡುಗರು ಕೇಳುವವರು ಬೇರೆಯೇ ಇದ್ದಾರೆ. ಅವರನ್ನು ಸಭೆಗೆ ಯಾರೂ ಕರೆಯುವುದಿಲ್ಲ.

ಸಭೆಯಲ್ಲಿ ಅರ್ಧ ಗಂಟೆ ಭಾಷಣ. "ನಮ್ಮದು ಬುದ್ಧಿವಂತರ ಜಿಲ್ಲೆ" ಅಂತ ಒಬ್ಬರಾದರೂ ಹೇಳಲೇಬೇಕು. ಆಮೇಲೆ ನಾನು ಬರೆಯುವುದು ಇಷ್ಟು: "ಎಲ್ಲರೂ ಸಹಕರಿಸುವುದಾಗಿ ತಿಳಿಸಿರುತ್ತಾರೆ." ಅದಕ್ಕೆ ಸಹಿ. ಆ ಒಂದು ಸಾಲು ಎಸ್‌ಪಿ ಆಫೀಸಿಗೆ ಹೋಗುತ್ತದೆ. ಅದರಲ್ಲಿ ನೀತಿ ಮಾಡುವವರಿಗೆ ತಿಳಿಯುವಂಥದ್ದು ಎಂತ ಉಂಟು?

ಒಮ್ಮೆ ಮಾತ್ರ ಬೇರೆ ಥರ ಆಯಿತು. ಒಬ್ಬ ಹಿರಿಯ ಮೇಷ್ಟ್ರು ಒಂದು ಹಾಳೆ ತಂದಿದ್ದರು. ಮೆರವಣಿಗೆ ಹೋಗುವ ದಾರಿಯ ನಕ್ಷೆ. ಯಾವ ತಿರುವಿನಲ್ಲಿ ಬೀದಿ ದೀಪ ಇಲ್ಲ, ಯಾವ ಜಾಗದಲ್ಲಿ ಡಿಜೆ ನಿಲ್ಲಿಸಿ ಕುಣಿಯುತ್ತಾರೆ, ಆ ಹೊತ್ತಿಗೆ ಅಲ್ಲಿ ನಮಾಜ್ ಎಷ್ಟು ಗಂಟೆಗೆ, ಎಲ್ಲ ಬರೆದಿದ್ದರು. "ಇದನ್ನು ನಡಾವಳಿಗೆ ಲಗತ್ತು ಮಾಡಿ, ಸ್ವೀಕೃತಿ ಕೊಡಿ" ಅಂದರು. ನನಗೆ ಮಾಡದೆ ವಿಧಿ ಇರಲಿಲ್ಲ. ಲಗತ್ತು ಹೋದರೆ ಮೇಲಿನವರು ಓದಲೇಬೇಕು. ನಾಳೆ ಏನಾದರೂ ಆದರೆ "ನಿಮಗೆ ಮೊದಲೇ ಗೊತ್ತಿತ್ತಲ್ಲ" ಅಂತ ಪ್ರಶ್ನೆ ಬರುತ್ತದೆ. ಮರುವರ್ಷ ಮೆರವಣಿಗೆಯ ಸಮಯ ಬದಲಾಯಿತು. ದೀಪವೂ ಬಂತು.

ಹಂಪನಕಟ್ಟೆ ವಕೀಲೆ

ರೈಟರ್ ಸರ್ ಹೇಳಿದ್ದು ಲಕ್ಷ ರೂಪಾಯಿಯ ಮಾತು. ಅದಕ್ಕೇ ಸ್ವಲ್ಪ ಸೇರಿಸುತ್ತೇನೆ.

ನೀತಿ ಅಂದರೆ ವಿಧಾನಸಭೆಯಲ್ಲಿ ಹೊಸ ಕಾನೂನು ಮಾಡುವುದು ಮಾತ್ರ ಅಂದುಕೊಂಡರೆ ನಮ್ಮಂಥ ಸಣ್ಣ ಗುಂಪಿಗೆ ಬಾಗಿಲೇ ಇಲ್ಲ. ಈಗಾಗಲೇ ಇರುವ ಆದೇಶ ನಮ್ಮ ಜಿಲ್ಲೆಯಲ್ಲಿ ಜಾರಿಯಾಗಿದೆಯಾ ಅಂತ ಕೇಳುವುದೂ ನೀತಿಯ ಕೆಲಸವೇ. ಗುಂಪು ಹಲ್ಲೆ ಬಗ್ಗೆ ಸುಪ್ರೀಂ ಕೋರ್ಟ್ 2018ರ ಜುಲೈ 17ರಂದು ಕೊಟ್ಟ ತೀರ್ಪು ನೋಡಿ. ಪ್ರತಿ ಜಿಲ್ಲೆಗೆ ಎಸ್‌ಪಿ ದರ್ಜೆಗಿಂತ ಕಡಿಮೆ ಇಲ್ಲದ ಒಬ್ಬ ನೋಡಲ್ ಅಧಿಕಾರಿ, ಅಂದರೆ ಇಂಥ ಹಲ್ಲೆ ತಡೆಯುವ ಹೊಣೆ ಹೊತ್ತವರು, ಇರಬೇಕು. ತಿಂಗಳಿಗೆ ಒಂದು ಸಲವಾದರೂ ಅವರು ಸ್ಥಳೀಯ ಗುಪ್ತಚರ ಸಿಬ್ಬಂದಿ ಜೊತೆ ಸಭೆ ಮಾಡಬೇಕು. ಸಂತ್ರಸ್ತರಿಗೆ ಪರಿಹಾರ ಯೋಜನೆ ಇರಬೇಕು. ವಿಚಾರಣೆ ಸಾಧ್ಯವಾದಷ್ಟು ಆರು ತಿಂಗಳಲ್ಲಿ ಮುಗಿಯಬೇಕು. ಕರ್ತವ್ಯ ತಪ್ಪಿದ ಅಧಿಕಾರಿ ಮೇಲೆ ಕ್ರಮ ಆಗಬೇಕು.

ಕುಡುಪು ನೆನಪು ಮಾಡಿಕೊಳ್ಳಿ. ಅದು ಮೊದಲು ದಾಖಲಾದದ್ದು ಅಸ್ವಾಭಾವಿಕ ಸಾವು ಅಂತ. ಗುಂಪು ಹಲ್ಲೆ ಅಂತ ಆದದ್ದು ಆಮೇಲೆ. ಮೂವರು ಪೊಲೀಸರು ಅಮಾನತೂ ಆದರು. ಆ ನಡುವಿನ ಹೊತ್ತಿನಲ್ಲಿ ನೋಡಲ್ ಅಧಿಕಾರಿ ಎಂತ ಮಾಡುತ್ತಿದ್ದರು ಅಂತ ಯಾವ ಶಾಂತಿ ಸಂಘಟನೆಯಾದರೂ ಲಿಖಿತವಾಗಿ ಕೇಳಿದೆಯಾ? ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ದ್ವೇಷ ಭಾಷಣಕ್ಕೆ ದೂರು ಬರುವ ತನಕ ಕಾಯದೆ ಪೊಲೀಸರೇ ಪ್ರಕರಣ ದಾಖಲಿಸಬೇಕು ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಸರಿ, ಎಫ್‌ಐಆರ್ ಆಗುತ್ತದೆ. ಪೇಪರಿನಲ್ಲಿ ಬರುತ್ತದೆ. ನಾವು ಖುಷಿ. ಆದರೆ ಧರ್ಮ ಧರ್ಮದ ನಡುವೆ ದ್ವೇಷ ಹಚ್ಚುವ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 196, ಇದಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟು ಕೇಸನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಆ ಅನುಮತಿಯ ಫೈಲು ಬೆಂಗಳೂರಿನಲ್ಲಿ ಎಷ್ಟು ಸಮಯ ಬೇಕಾದರೂ ಕೂರಬಹುದು. ಯಾವ ಪಕ್ಷದ ಸರ್ಕಾರವಾದರೂ ಸರಿ. ನನ್ನ ಕೇಳಿಕೆ ಇಷ್ಟೇ: ಒಂದು ಸಂಘಟನೆ ಬೇರೆಲ್ಲ ಬಿಟ್ಟು, ನಮ್ಮ ಎರಡು ಜಿಲ್ಲೆಯ ಇಂಥ ಕೇಸುಗಳಲ್ಲಿ ಎಷ್ಟಕ್ಕೆ ಅನುಮತಿ ಕೇಳಿದ್ದಾರೆ, ಎಷ್ಟಕ್ಕೆ ಸಿಕ್ಕಿದೆ ಅಂತ ವರ್ಷ ವರ್ಷ ಪಟ್ಟಿ ಮಾಡಿದರೆ ಸಾಕು. ಗೃಹ ಇಲಾಖೆಗೆ ಅದಕ್ಕಿಂತ ದೊಡ್ಡ ತಲೆನೋವು ಬೇರೆ ಬೇಡ.

ಕಾರ್ಕಳ ಕರಿಕಲ್ಲು

ನೇರವಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. "ಶಾಂತಿ", "ಸೌಹಾರ್ದ" ಅಂತ ಬೋರ್ಡು ಹಾಕಿಕೊಂಡವರು ಯಾವಾಗಲೂ ಒಂದೇ ಕಡೆಯವರ ಪರ ಮಾತಾಡುತ್ತಾರೆ. ಹಿಂದೂ ಹುಡುಗ ಸತ್ತರೆ ಅವನ ಮೇಲೆ ಎಷ್ಟು ಕೇಸಿತ್ತು ಅಂತ ಹುಡುಕುತ್ತಾರೆ. ಇನ್ನೊಬ್ಬರು ಸತ್ತರೆ ಮೋಂಬತ್ತಿ ಹಚ್ಚುತ್ತಾರೆ. ಹಾಗಿರುವಾಗ ಸರ್ಕಾರ ಅವರ ಮಾತು ಯಾಕೆ ಕೇಳಬೇಕು? ನಮ್ಮೂರಿನ ಜನರೇ ಕೇಳುವುದಿಲ್ಲ. ನಾನು ಗಲಾಟೆಯ ಪರ ಅಲ್ಲ. ನನ್ನ ತಮ್ಮನ ಅಂಗಡಿ ಬಂದ್ ಆದರೆ ನಷ್ಟ ನಮಗೇ.

ಬಜಾಲ್ ಬಸ್‌ಸ್ಟಾಪ್

ಕರಿಕಲ್ಲು ಅಣ್ಣ, ಬೇಸರ ಇಲ್ಲ. ನೀವು ಹೇಳುವಂಥ ಗುಂಪುಗಳು ಇವೆ. ಅದರ ತದ್ವಿರುದ್ಧ ಗುಂಪುಗಳೂ ಇವೆ. ಆದರೆ ಪರಿಹಾರದ ವಿಷಯ ನೋಡಿ. 2022ರ ಜುಲೈಯಲ್ಲಿ ಸತ್ತ ಮೂವರಲ್ಲಿ ಒಂದು ಮನೆಗೆ ಮುಖ್ಯಮಂತ್ರಿ ಹೋದರು, 25 ಲಕ್ಷದ ಚೆಕ್ ಕೊಟ್ಟರು. ಉಳಿದ ಮನೆಗಳಿಗೆ ಹೋಗಲಿಲ್ಲ. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಬಂದು ಬಾಕಿಯಾದ ಕುಟುಂಬಗಳಿಗೆ ಕೊಟ್ಟಿತು. 2018ರಲ್ಲಿ ಕಾಟಿಪಳ್ಳದಲ್ಲಿ ಕೊಲೆಯಾದ ಹಿಂದೂ ಯುವಕನ ಮನೆಯೂ ಆ ಪಟ್ಟಿಯಲ್ಲಿತ್ತು. ಒಳ್ಳೆಯದೇ ಆಯಿತು. ಆದರೆ ಸರ್ಕಾರ ಬದಲಾದರೆ ಮಾತ್ರ ಪರಿಹಾರ ಸಿಗುವುದು ಅಂದರೆ ಅದನ್ನು ನೀತಿ ಅನ್ನಲು ಆಗುತ್ತದಾ? ಕೊಂದದ್ದು ಯಾರು, ಸತ್ತದ್ದು ಯಾರು ಅಂತ ನೋಡದೆ, ಇಷ್ಟು ದಿನದೊಳಗೆ ಇಷ್ಟು ಹಣ, ಮಂತ್ರಿ ಬರಲಿ ಬಿಡಲಿ ಅಂತ ಒಂದೇ ನಿಯಮ ಇರಬೇಕು. ಇದಕ್ಕೆ ನೀವು ಸಹಿ ಹಾಕುತ್ತೀರಾ?

ಕಾರ್ಕಳ ಕರಿಕಲ್ಲು

ಬಜ್ಪೆಯಲ್ಲಿ ಕೊಲೆಯಾದ ಹಿಂದೂ ಹುಡುಗನ ಹೆಸರೂ ಆ ಮನವಿಯಲ್ಲಿ ಇದ್ದರೆ ಹಾಕುತ್ತೇನೆ. ಇಲ್ಲದಿದ್ದರೆ ಇಲ್ಲ.

ಮಣಿಪಾಲ ಹಾಸ್ಟೆಲ್

ನಾನು ಇದೇ ವಿಷಯ ಓದುತ್ತಿರುವ ವಿದ್ಯಾರ್ಥಿ. ಹೊರಗಿನ ಎರಡು ಮೂರು ಉದಾಹರಣೆ ಹೇಳಲೇ?

ಕೀನ್ಯಾದ ಈಶಾನ್ಯದಲ್ಲಿ ವಜೀರ್ ಅಂತ ಒಂದು ಜಿಲ್ಲೆ. ಸೊಮಾಲಿ ಜನ, ಬೇರೆ ಬೇರೆ ಕುಲ. 1990ರ ದಶಕದ ಮೊದಲಲ್ಲಿ ಕುಲಗಳ ನಡುವೆ ಹೊಡೆದಾಟ, ಕೊಲೆ. ಅದು ಎಲ್ಲಿಯ ತನಕ ಹೋಯಿತು ಅಂದರೆ ಒಂದು ಕುಲದ ಹೆಂಗಸು ಇನ್ನೊಂದು ಕುಲದವಳ ಹತ್ತಿರ ಸಂತೆಯಲ್ಲಿ ವ್ಯಾಪಾರ ಮಾಡುವಂತಿಲ್ಲ. ದೆಖಾ ಇಬ್ರಾಹಿಂ ಅಬ್ದಿ ಮತ್ತು ಕೆಲವು ಹೆಂಗಸರು 1993ರ ಸುಮಾರಿಗೆ ಅಲ್ಲಿಂದಲೇ ಶುರು ಮಾಡಿದರು. ಸಂತೆಯಲ್ಲಿ ಯಾರು ಯಾರ ಹತ್ತಿರ ಬೇಕಾದರೂ ಕೊಳ್ಳಬಹುದು ಅಂತ ತಾವೇ ನಿಂತು ನೋಡಿಕೊಂಡರು. ಆಮೇಲೆ ಹಿರಿಯರನ್ನು ಕೂರಿಸಿದರು. ಯುವಕರು, ವ್ಯಾಪಾರಿಗಳು ಬಂದರು. ನಮಗೆ ಮುಖ್ಯವಾದದ್ದು ಇನ್ನು ಬರುವುದು. 1995ರಲ್ಲಿ ಇವರ ಸಮಿತಿ ಜಿಲ್ಲಾಡಳಿತದ ಅಭಿವೃದ್ಧಿ ಸಮಿತಿಯ ಒಳಗೇ ಒಂದು ಭಾಗವಾಯಿತು. ಅಧಿಕಾರಿಗಳು ಮತ್ತು ಊರವರು ಒಂದೇ ಮೇಜಿನಲ್ಲಿ. 2007-08ರ ಚುನಾವಣಾ ಹಿಂಸೆಯ ನಂತರ ಈ ಮಾದರಿಯ ಶಾಂತಿ ಸಮಿತಿಗಳನ್ನು ದೇಶದ ಉಳಿದ ಜಿಲ್ಲೆಗಳಿಗೂ ತರುವ ತೀರ್ಮಾನ ಆಯಿತು. ಸಂತೆಯಲ್ಲಿ ಹುಟ್ಟಿದ್ದು ಸರ್ಕಾರಿ ನೀತಿ ಆದದ್ದು ಹೀಗೆ. ಅದಕ್ಕೆ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು.

ದಕ್ಷಿಣ ಆಫ್ರಿಕಾದಲ್ಲಿ 1991ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಶಾಂತಿ ಒಪ್ಪಂದ ಆದಾಗ ಊರೂರಿಗೆ ಸ್ಥಳೀಯ ಸಮಿತಿ ಮಾಡಿದರು. ಪೊಲೀಸರು ಹೇಗೆ ನಡೆದುಕೊಳ್ಳಬೇಕು ಅಂತ ನೀತಿಸಂಹಿತೆಯೂ ಆ ಒಪ್ಪಂದದಲ್ಲೇ ಇತ್ತು. ಹಿಂಸೆ ಪೂರ್ತಿ ನಿಲ್ಲಲಿಲ್ಲ. 1994ರ ಚುನಾವಣೆಯ ತನಕ ಸಾವಿರಾರು ಜನ ಸತ್ತರು. ಆದರೆ ಮೆರವಣಿಗೆ ಹೋಗುವಾಗ ಎರಡೂ ಕಡೆಯವರಿಗೆ, ಪೊಲೀಸರಿಗೆ ಫೋನ್ ಮಾಡುವ ಒಬ್ಬ ಮನುಷ್ಯ ಊರಲ್ಲಿ ಇದ್ದ.

ಹತ್ತಿರದ್ದು ಬೇಕಾದರೆ ಮುಂಬೈ ಪಕ್ಕದ ಭಿವಂಡಿ. 1984ರಲ್ಲಿ ಭೀಕರ ಗಲಭೆ ಆದ ಊರು. 1988ರಲ್ಲಿ ಅಲ್ಲಿಗೆ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಮಾಡಿದರು. ದೊಡ್ಡ ಮನುಷ್ಯರನ್ನು ಬಿಟ್ಟು ಸಾಮಾನ್ಯ ಜನರನ್ನು ಸೇರಿಸಿದರು. 1992-93ರಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು.

ಕುಂದಾಪ್ರ ಕಡೆಯವ

ಭಿವಂಡಿ ಒಬ್ಬ ಅಧಿಕಾರಿಯ ಕಥೆ. ಅವರು ವರ್ಗ ಆದರೆ? ನಮ್ಮಲ್ಲೂ ಒಳ್ಳೆಯ ಎಸ್‌ಪಿ ಬಂದಾಗ ಎಲ್ಲ ಸರಿ, ಹೋದ ಮರುದಿನ ಮೊದಲಿನ ಹಾಗೆ.

ಠಾಣೆ ರೈಟರ್ (ನಿವೃತ್ತ)

ಅದಕ್ಕೇ ಕಾಗದದಲ್ಲಿ ಇರಬೇಕು ಅನ್ನುವುದು. 2017ರಿಂದ ನಮ್ಮ ರಾಜ್ಯದಲ್ಲಿ ಉಪ-ಬೀಟ್ ವ್ಯವಸ್ಥೆ ಉಂಟು, ಅಂದರೆ ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಭಾಗ ಮಾಡುವುದು. ಪ್ರತಿ ಬೀಟಿಗೆ ಒಬ್ಬ ಪೊಲೀಸ್, ಜೊತೆಗೆ ನಾಗರಿಕ ಸದಸ್ಯರು. 2025ರ ಜುಲೈಯಲ್ಲಿ "ಮನೆ ಮನೆಗೆ ಪೊಲೀಸ್" ಕೂಡ ಶುರುವಾಯಿತು. ನಿಮ್ಮ ಬೀಟಿನ ನಾಗರಿಕ ಸದಸ್ಯರು ಯಾರು ಅಂತ ಇಲ್ಲಿ ಎಷ್ಟು ಜನರಿಗೆ ಗೊತ್ತುಂಟು? ಹೊಸ ಸಮಿತಿ ಬೇಕು ಅಂತ ಕೇಳುವ ಮುಂಚೆ ಇರುವ ಸಮಿತಿಯಲ್ಲಿ ಕೂತುಕೊಳ್ಳಿ. ಅಧಿಕಾರಿ ವರ್ಗ ಆಗುತ್ತಾರೆ, ಪಟ್ಟಿ ವರ್ಗ ಆಗುವುದಿಲ್ಲ.

ತೊಕ್ಕೊಟ್ಟು ಬೀಡಿ ಬ್ರಾಂಚ್

ಮಣಿಪಾಲದ ಮಗಾ, ನೀನು ಹೇಳಿದ ಸಂತೆಯ ಹೆಂಗಸರ ಮಾತು ನನಗೆ ಹಿಡಿಸಿತು. ಇಲ್ಲಿಯ ತನಕ ಎಲ್ಲರೂ ಸಭೆ ಸಭೆ ಅಂದಿರಿ. ಆ ಸಭೆ ಯಾವ ಹೊತ್ತಿಗೆ ಇಡುತ್ತಾರೆ? ಸಂಜೆ ನಾಲ್ಕಕ್ಕೆ. ನಾವು ಬೀಡಿ ಕಟ್ಟಿ ಬ್ರಾಂಚಿಗೆ, ಅಂದರೆ ಬೀಡಿ ತೆಗೆದುಕೊಳ್ಳುವ ಅಂಗಡಿಗೆ, ಕೊಂಡುಹೋಗುವ ಹೊತ್ತು, ಮಕ್ಕಳು ಶಾಲೆಯಿಂದ ಬರುವ ಹೊತ್ತು. ಮತ್ತೆ "ಮಹಿಳೆಯರು ಬರಲಿಲ್ಲ" ಅನ್ನುವುದು.

2022ರ ಆಗಸ್ಟ್‌ನಲ್ಲಿ ಸಂಜೆ ಆರಕ್ಕೆ ಅಂಗಡಿ ಎಲ್ಲ ಬಂದ್ ಅಂತ ಆದೇಶ ಬಂತು. ಗಲಾಟೆ ಮಾಡುವವರಿಗೆ ಅದರಿಂದ ಎಂತ ಕಷ್ಟ? ಕಷ್ಟ ಆದದ್ದು ಸಂಜೆ ಮೀನು ಮಾರುವವರಿಗೆ, ಚರ್ಮುರಿ ಗಾಡಿಯವರಿಗೆ, ಕೆಲಸ ಮುಗಿಸಿ ಏಳು ಗಂಟೆಗೆ ಬಸ್ಸಿಳಿಯುವ ಹುಡುಗಿಯರಿಗೆ. ಅಂಗಡಿ ಬೆಳಕು ಇಲ್ಲದಿದ್ದರೆ ರಸ್ತೆ ಜಾಸ್ತಿ ಹೆದರಿಕೆ. ಆ ಆದೇಶ ಬರೆಯುವಾಗ ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು.

ನಮ್ಮ ಸ್ವಸಹಾಯ ಸಂಘದಲ್ಲಿ ಮೂರು ಧರ್ಮದವರೂ ಇದ್ದೇವೆ. ಸಾಲ ಒಟ್ಟಿಗೆ ಕಟ್ಟಬೇಕಲ್ಲ, ಜಗಳ ಮಾಡಿದರೆ ಆಗುತ್ತದಾ? ಸರ್ಕಾರ ನಮ್ಮನ್ನು ಪೌಷ್ಟಿಕ ಆಹಾರಕ್ಕೆ, ಕಸ ವಿಂಗಡಣೆಗೆ ಕರೆಯುತ್ತದೆ. ಶಾಂತಿಗೆ ಕರೆಯುವುದಿಲ್ಲ. ಪಂಚಾಯತಿನಲ್ಲಿ ಸಾಮಾಜಿಕ ನ್ಯಾಯ ಸಮಿತಿ ಅಂತ ಒಂದುಂಟು, ಕಾನೂನಿನಲ್ಲೇ ಉಂಟು. ಅದು ಕೂತದ್ದು ನೋಡಿದವರಿದ್ದರೆ ಹೇಳಿ. ನಾವು ಕಳೆದ ಗ್ರಾಮಸಭೆಯಲ್ಲಿ ಈ ಸಮಿತಿ ಸಭೆ ಯಾವಾಗ ಅಂತ ಕೇಳಿದೆವು. ಒಬ್ಬರ ಮುಖ ಒಬ್ಬರು ನೋಡಿದರು.

ಜಾತ್ರೆ ಸಂತೆ

ಅಕ್ಕ ಹೇಳಿದ್ದು ಸರಿ. ನನ್ನದು ಜಾತ್ರೆಯಲ್ಲಿ ಆಟಿಕೆ, ಬಳೆ ವ್ಯಾಪಾರ. 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲ ಅಂತ ಆಯಿತಲ್ಲ, ಆಮೇಲೆ ಅದು ಊರಿಂದೂರಿಗೆ ಹೋಯಿತು. ಸರ್ಕಾರ ಸದನದಲ್ಲಿ ತೋರಿಸಿದ್ದು ಧಾರ್ಮಿಕ ದತ್ತಿಯ 2002ರ ನಿಯಮ. ದೇವಸ್ಥಾನದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅಂತ ಅದರಲ್ಲಿದೆ.

ನಿಯಮ ಸರಿಯಾ ತಪ್ಪಾ ಅಂತ ಜಗಳ ಆಡಿದರೆ ಕರಿಕಲ್ಲು ಅಣ್ಣ ಒಂದು ಕಡೆ, ನಾನು ಒಂದು ಕಡೆ. ನಾವು ಕೇಳಿದ ಪ್ರಶ್ನೆ ಬೇರೆ. ದೇವಸ್ಥಾನದ ಜಾಗ ಎಲ್ಲಿಗೆ ಮುಗಿಯುತ್ತದೆ? ರಸ್ತೆ ಬದಿ ಪಂಚಾಯತಿದಾ, ಲೋಕೋಪಯೋಗಿಯದ್ದಾ, ದೇವರದ್ದಾ? ಸರ್ವೆ ನಕ್ಷೆ ಕೊಡಿ ಅಂತ ಅರ್ಜಿ ಹಾಕಿದೆವು. ನಕ್ಷೆ ನೋಡಿದರೆ ಎಷ್ಟೋ ಕಡೆ ಅಂಗಡಿ ಸಾಲು ಇರುವುದು ಸಾರ್ವಜನಿಕ ರಸ್ತೆಯಲ್ಲಿ. ಅಲ್ಲಿ ಯಾರು ಕೂರಬೇಕು ಅಂತ ಹೇಳುವ ಅಧಿಕಾರ ಬೇರೆಯವರಿಗೆ. ಪೇಟೆಯಾದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಉಂಟು, ಪಟ್ಟಣ ವ್ಯಾಪಾರ ಸಮಿತಿ ಉಂಟು. ಅದರಲ್ಲಿ ಶೇ 40ಕ್ಕಿಂತ ಕಮ್ಮಿ ಇಲ್ಲದಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು, ಅದೂ ಚುನಾವಣೆಯಿಂದ. ಶಾಂತಿ ಮಾಡುವವರು ಯಾರೂ ಆ ಸಮಿತಿ ಕಡೆ ತಲೆ ಹಾಕುವುದಿಲ್ಲ. ಆದರೆ ಹೊಟ್ಟೆಪಾಡಿನ ಜಗಳ ಕೋಮು ಜಗಳ ಆಗುವುದೋ ಬಿಡುವುದೋ ಅಂತ ತೀರ್ಮಾನ ಆಗುವುದು ಅಲ್ಲಿಯೇ.

ಕಾರ್ಕಳ ಕರಿಕಲ್ಲು

ನಕ್ಷೆ ಕೇಳುವುದಕ್ಕೆ ನನ್ನ ತಕರಾರಿಲ್ಲ. ದೇವಸ್ಥಾನದ ಜಾಗವನ್ನು ಯಾರೋ ರಸ್ತೆ ಮಾಡಿಕೊಂಡದ್ದೂ ಅದರಲ್ಲಿ ಗೊತ್ತಾಗಲಿ.

ಜಾತ್ರೆ ಸಂತೆ

ಆಗಲಿ ಅಣ್ಣ. ಎರಡೂ ಗೊತ್ತಾಗಲಿ.

ಬಜಾಲ್ ಬಸ್‌ಸ್ಟಾಪ್

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಹಾಗಾದರೆ ಸೌಹಾರ್ದ ಕಾರ್ಯಕ್ರಮ ಒಂದು ವರ್ಷಕ್ಕೆ ಬದಿಗಿಡುವ. ಮೊದಲು ಮೂರು ವಿಷಯ ಹಿಡಿಯುವ: ನೋಡಲ್ ಅಧಿಕಾರಿ, ಶಾಂತಿ ಸಭೆಯ ಸದಸ್ಯರ ಪಟ್ಟಿ ಮತ್ತು ನಡಾವಳಿ, ದ್ವೇಷ ಭಾಷಣ ಕೇಸುಗಳ ಪೂರ್ವಾನುಮತಿ. ಮಾಹಿತಿ ಕೈಗೆ ಬಂದ ಮೇಲೆ ಉಸ್ತುವಾರಿ ಸಚಿವರು ಜಿಲ್ಲೆಯ ಕೆಲಸಗಳ ಪರಿಶೀಲನೆ ಮಾಡುವ ಕೆಡಿಪಿ ಸಭೆಗೆ ಮುಂಚೆ ನಮ್ಮ ಶಾಸಕರಿಗೂ, ವಿರೋಧ ಪಕ್ಷದವರಿಗೂ ಒಂದೇ ಹಾಳೆ ಕೊಡುವ. ವಕೀಲೆ ಮೇಡಂ, ಒಂದೇ ಅರ್ಜಿಯಲ್ಲಿ ಮೂರನ್ನೂ ಕೇಳಬಹುದಾ?

ಹಂಪನಕಟ್ಟೆ ವಕೀಲೆ

ಬೇಡ. ಕರ್ನಾಟಕದ ಮಾಹಿತಿ ಹಕ್ಕು ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮೂರೂ ಸೇರಿಸಿದರೆ ವಾಪಸ್ ಕಳಿಸಲು ಅವರಿಗೆ ನೆಪ ಸಿಗುತ್ತದೆ. ಪ್ರತಿ ಅರ್ಜಿಗೆ 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ಬರದಿದ್ದರೆ ಮೊದಲ ಮೇಲ್ಮನವಿ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ. "ಆದೇಶದ ಪ್ರತಿ ಕೊಡಿ, ಸಭೆಯ ನಡಾವಳಿಯ ಪ್ರತಿ ಕೊಡಿ" ಅಂತ ದಾಖಲೆಯನ್ನೇ ಕೇಳಿ. ಗುಪ್ತಚರ ಸಭೆಯ ವಿವರ ಕೊಡುವುದಿಲ್ಲ ಅನ್ನಬಹುದು. ಸಭೆ ಯಾವ ಯಾವ ತಾರೀಕಿಗೆ ಆಯಿತು ಅನ್ನುವುದನ್ನಾದರೂ ಕೇಳಿ.

ಠಾಣೆ ರೈಟರ್ (ನಿವೃತ್ತ)

ಬಜಾಲ್, ಕುಡುಪು, ಬಜ್ಪೆ ಎಲ್ಲ ಮಂಗಳೂರು ಪೊಲೀಸ್ ಕಮಿಷನರೇಟ್ ವ್ಯಾಪ್ತಿ. ಬಂಟ್ವಾಳ, ಬೆಳ್ಳಾರೆ ಎಸ್‌ಪಿ ವ್ಯಾಪ್ತಿ. ಎರಡಕ್ಕೂ ಬೇರೆ ಬೇರೆ ಹಾಕಿ. ತಪ್ಪಿದರೆ ಅಲ್ಲಿಂದ ಇಲ್ಲಿಗೆ ವರ್ಗಾಯಿಸುವುದರಲ್ಲೇ ಸಮಯ ಹೋಗುತ್ತದೆ.

ಕುಂದಾಪ್ರ ಕಡೆಯವ

ಉಡುಪಿ ಎಸ್‌ಪಿ ಆಫೀಸಿಗೆ ನಾನು ಹಾಕುತ್ತೇನೆ. ನಂಬಿಕೆ ಬಂತು ಅಂತಲ್ಲ, ಹತ್ತು ರೂಪಾಯಿ ಅಲ್ವಾ. ಕೆಡಿಪಿ ಸಭೆಯಲ್ಲಿ ಶಾಸಕರು ನಿಮ್ಮ ಹಾಳೆ ಓದುತ್ತಾರೆ ಅನ್ನುವುದನ್ನು ಮಾತ್ರ ನೋಡಿಯೇ ನಂಬಬೇಕು.

ಕಾರ್ಕಳ ಕರಿಕಲ್ಲು

ಪರಿಹಾರದ ಮನವಿಯ ಕರಡು ಇಲ್ಲಿ ಹಾಕಿ. ಯಾವ ಯಾವ ಹೆಸರು ಉಂಟು ನೋಡಿ ಹೇಳುತ್ತೇನೆ.

ತೊಕ್ಕೊಟ್ಟು ಬೀಡಿ ಬ್ರಾಂಚ್

ಕರಡು ಬರೆಯಲು ಕೂರುವುದಾದರೆ ಭಾನುವಾರ ಹನ್ನೊಂದು ಗಂಟೆಗೆ ಇಡಿ. ಚರ್ಚಿನವರದ್ದು ಅಷ್ಟು ಹೊತ್ತಿಗೆ ಮುಗಿದಿರುತ್ತದೆ, ಬ್ರಾಂಚಿಗೂ ರಜೆ. ನಾಲ್ಕು ಗಂಟೆ ಅಂದರೆ ನಾವು ಬರುವುದಿಲ್ಲ, ಈಗಲೇ ಹೇಳಿದ್ದೇನೆ.